ಪುಕ್ಕಟೆ ಬಂದ ಸಾಫ್ಟ್‌ವೇರ್ ಮಾರಬಹುದಾ? ಹಾಸನದ ಒಂದು ರಟ್ಟಿನ ಡಬ್ಬಿಯ ಪ್ರಕರಣ

ರಟ್ಟಿನ ಡಬ್ಬಿಯನ್ನು ನನ್ನ ಆಫೀಸಿಗೆ ಹೊತ್ತು ತಂದವರು ಹುಡುಗನ ಅಪ್ಪ. ಅರಸೀಕೆರೆ ಕಡೆಯವರು, ತೆಂಗಿನ ತೋಟ ಇದೆ. ಹೆಗಲ ಮೇಲಿನ ಟವಲ್‌ನಿಂದ ಡಬ್ಬಿಯ ಧೂಳು ಒರೆಸಿ ಮೇಜಿನ ಮೇಲೆ ಇಟ್ಟರು. "ಸ್ವಾಮಿ, ಇದರಲ್ಲಿರೋದೆಲ್ಲ ಪುಕ್ಕಟೆ ಬಂದಿದ್ದು. ಪುಕ್ಕಟೆ ಬಂದಿದ್ದನ್ನ ಮಾರಿದ್ರೆ ಅದು ಕಳ್ತನ ಹೆಂಗಾಗ್ತದೆ? ನೀವೇ ಹೇಳಿ" ಅಂದರು. ಮಗ ಹಿಂದೆ ನಿಂತಿದ್ದ. ಕೈಯಲ್ಲಿ ನಾಲ್ಕು ಪುಟದ ವಕೀಲರ ನೋಟಿಸ್. ಮೂರು ರಾತ್ರಿ ನಿದ್ದೆ ಮಾಡಿಲ್ಲ ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಾನು ಹಾಸನದಲ್ಲಿ ವಕೀಲಿ ಮಾಡುವವನು. ಜಮೀನು, ಚೆಕ್ ಬೌನ್ಸ್, ಗ್ರಾಹಕರ ದೂರು, ಇವೇ ಜಾಸ್ತಿ. ಸಾಫ್ಟ್‌ವೇರ್ ಕೇಸು ಅಪರೂಪ. ಆದರೆ ಆ ಅಪ್ಪ ಕೇಳಿದ ಪ್ರಶ್ನೆಯನ್ನು ಈಚೆಗೆ ಮೊಬೈಲ್ ಅಂಗಡಿಯವರು ಕೇಳಿದ್ದಾರೆ, ಡಿಟಿಪಿ ಸೆಂಟರ್ ಇಟ್ಟವರು ಕೇಳಿದ್ದಾರೆ, ಇಂಜಿನಿಯರಿಂಗ್ ಓದುವ ಮಕ್ಕಳೂ ಕೇಳಿದ್ದಾರೆ. ಆದ್ದರಿಂದ ಆ ಕುಟುಂಬದ ಒಪ್ಪಿಗೆ ಪಡೆದು, ಹೆಸರು ಗುರುತು ಬಿಟ್ಟು, ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಆಗಿದ್ದೇನು

ಹುಡುಗನಿಗೆ 24 ವರ್ಷ. ಸಾಲಗಾಮೆ ರಸ್ತೆಯ ಹತ್ತಿರ ಸಣ್ಣದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬಿ.ಎಂ. ರಸ್ತೆಯಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಮಾರುತ್ತಿದ್ದ ಹಿರಿಯರೊಬ್ಬರು ಅಂಗಡಿ ಮುಚ್ಚಿದಾಗ, ಉಳಿದ ಸಾಮಾನನ್ನು ಇವನು ಒಟ್ಟಿಗೆ 18,000 ರೂಪಾಯಿಗೆ ತೆಗೆದುಕೊಂಡ. ಕೀಬೋರ್ಡ್, ಕೇಬಲ್, ಹಳೇ ಮಾನಿಟರ್‌ಗಳ ಜೊತೆ ಈ ಡಬ್ಬಿಯೂ ಬಂತು. ಒಳಗೆ ಸೀಲ್ ಒಡೆಯದ 22 ಆಂಟಿವೈರಸ್ ಡಿಸ್ಕ್‌ಗಳಿದ್ದವು. ಇಷ್ಟು ಮಾಲು ಎತ್ತಿದ ಡೀಲರ್‌ಗೆ ಇಷ್ಟು ಡಿಸ್ಕ್ ಉಚಿತ ಅನ್ನುವ ಸ್ಕೀಮಿನಲ್ಲಿ ಕಂಪನಿ ಅವನ್ನು ಕೊಟ್ಟಿತ್ತು. ಪ್ರತಿ ಕವರಿನ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ಪ್ರಚಾರದ ಪ್ರತಿ, ಮಾರಾಟಕ್ಕಲ್ಲ. ಒಳಗೊಂದು ಗೀರುವ ಕಾರ್ಡ್. ಗೀರಿದರೆ ಕೀ ಸಿಗುತ್ತದೆ, ಆ ಕೀ ಹಾಕಿದ ದಿನದಿಂದ ಒಂದು ವರ್ಷ ಒಂದು ಕಂಪ್ಯೂಟರಿಗೆ ರಕ್ಷಣೆ.

ಹುಡುಗ ಅವನ್ನು ಆನ್‌ಲೈನ್ ಮಾರುಕಟ್ಟೆಯಲ್ಲಿ 249 ರೂಪಾಯಿಗೆ ಹಾಕಿದ. ಮೂರು ವಾರದಲ್ಲಿ ಒಂಬತ್ತು ಹೋದವು. ಹುರುಪು ಬಂತು. ಅಷ್ಟರಲ್ಲಿ ಹೊರದೇಶದ ಒಂದು ಕಂಪನಿ ತನ್ನ ಫೋಟೊ ಎಡಿಟಿಂಗ್ ಸಾಫ್ಟ್‌ವೇರನ್ನು ಒಂದೇ ದಿನದ ಮಟ್ಟಿಗೆ ಪ್ರಚಾರಕ್ಕೆಂದು ಉಚಿತವಾಗಿ ಬಿಟ್ಟಿತು. ಇವನು ಡೌನ್‌ಲೋಡ್ ಮಾಡಿಕೊಂಡ, ಪೆನ್‌ಡ್ರೈವ್‌ಗಳಿಗೆ ತುಂಬಿದ, 199ರಂತೆ ಆರು ಮಾರಿದ. ಆಮೇಲೆ ಬೇರೆ ಪೆನ್‌ಡ್ರೈವ್‌ಗಳಿಗೆ ಪತ್ರ, ಲೆಕ್ಕ ಬರೆಯುವ ಲಿಬ್ರೆ ಆಫೀಸ್ ಮತ್ತು ವಿಡಿಯೊ ನೋಡುವ ವಿಎಲ್‌ಸಿ ಹಾಕಿದ, ಎರಡೂ ನೆಟ್‌ನಲ್ಲಿ ಯಾರಿಗೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್. "ಒರಿಜಿನಲ್ ಆಫೀಸ್, ಲೈಫ್‌ಟೈಮ್ ಲೈಸೆನ್ಸ್" ಅಂತ ತಲೆಬರಹ ಕೊಟ್ಟು 299ರಂತೆ ಹನ್ನೊಂದು ಮಾರಿದ. ಮೂರೂ ಸೇರಿ ಕೈಗೆ ಬಂದಿದ್ದು 6,724 ರೂಪಾಯಿ.

ಆಮೇಲೆ ಎಲ್ಲ ಒಂದೇ ವಾರದಲ್ಲಿ ಬಂತು. ಆಂಟಿವೈರಸ್ ಕಂಪನಿಯ ದೂರಿನ ಮೇಲೆ ಮಾರುಕಟ್ಟೆಯವರು ಅವನ ಖಾತೆ ನಿಲ್ಲಿಸಿದರು. ಮಾರಿದ ಒಂಬತ್ತು ಕೀಗಳಲ್ಲಿ ನಾಲ್ಕನ್ನು ಕಂಪನಿ ತನ್ನ ಸರ್ವರ್‌ನಲ್ಲೇ ಬಂದ್ ಮಾಡಿತು. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ರೈಟರ್ ಒಬ್ಬರು, ಅಂದರೆ ತೋಟದ ಲೆಕ್ಕ ಬರೆಯುವವರು, "ಮೋಸ ಮಾಡಿದ್ದೀರಿ, ಗ್ರಾಹಕರ ಕೋರ್ಟಿಗೆ ಹೋಗ್ತೀನಿ" ಅಂತ ಬರೆದರು. ಕೊನೆಗೆ ಕಂಪನಿಯ ವಕೀಲರ ನೋಟಿಸ್: ಮಾರಾಟ ನಿಲ್ಲಿಸಿ, ಉಳಿದ ಮಾಲು ಒಪ್ಪಿಸಿ, ಕೊಂಡವರ ಪಟ್ಟಿ ಕೊಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿ, ಇಲ್ಲದಿದ್ದರೆ ಮೂರು ವರ್ಷದವರೆಗೆ ಜೈಲು.

ತೆಂಗಿನಕಾಯಿಯ ಮಾತು

ಅಪ್ಪನ ಪ್ರಶ್ನೆಗೆ ಮೊದಲು ಉತ್ತರ ಹೇಳಬೇಕಿತ್ತು. ಅವರನ್ನೇ ಕೇಳಿದೆ. "ನಿಮ್ಮ ತೋಟದ ಒಂದು ಕಾಯಿ ನನಗೆ ಸುಮ್ನೆ ಕೊಟ್ರಿ ಅಂತಿಟ್ಕೊಳ್ಳಿ. ನಾನು ಅದನ್ನ ಸಂತೇಲಿ ಮಾರ್ಕೊಂಡ್ರೆ ಬೇಜಾರು ಮಾಡ್ಕೊಳ್ತೀರಾ?"

"ಕೊಟ್ಟ ಮೇಲೆ ನಿಮ್ದು. ನಾನ್ಯಾಕೆ ಕೇಳ್ಲಿ."

"ಸರಿ. ಆ ಕಾಯಿ ನನ್ನ ಕೈಲೇ ಇರ್ತದೆ. ಅದರಿಂದ ನಿಂತ ನಿಲುವಿನಲ್ಲೇ ಅಂಥದ್ದೇ ನೂರು ಕಾಯಿ ತೆಗೆದು ಮಾರಿದ್ರೆ?"

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಥ ಕಾಯಿ ಇದ್ರೆ ನಾವು ತೋಟ ಯಾಕ್ ಮಾಡ್ಬೇಕು ಸ್ವಾಮಿ, ನೀರು ಹಾಯಿಸೋರು ಯಾರು" ಅಂದರು.

ಕಾಪಿರೈಟ್ ಕಾನೂನು ಹುಟ್ಟಿದ್ದೇ ಆ ಮಾತಿನಿಂದ. ಕಾಯಿ ಕೊಟ್ಟರೆ ಕೊಟ್ಟವನ ಕೈ ಖಾಲಿ. ಫೈಲ್ ಕೊಟ್ಟರೆ ಕೈ ಖಾಲಿ ಆಗುವುದಿಲ್ಲ. ಅದಕ್ಕೇ ಕಾನೂನು ವಸ್ತುವನ್ನು ಬೇರೆ ನೋಡುತ್ತದೆ, ನಕಲು ಮಾಡುವ ಹಕ್ಕನ್ನು ಬೇರೆ ನೋಡುತ್ತದೆ. 1957ರ ಕಾಪಿರೈಟ್ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಆದಾಗಿನಿಂದ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಕಥೆ ಕವನದ ಹಾಗೆ ಸಾಹಿತ್ಯ ಕೃತಿಯ ಲೆಕ್ಕದಲ್ಲೇ ಬರುತ್ತದೆ. ಬರೆದವನು ಬೆಲೆ ಇಟ್ಟಿದ್ದಾನಾ, ಪುಕ್ಕಟೆ ಹಂಚಿದ್ದಾನಾ ಅನ್ನುವುದರಿಂದ ಆ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಪುಕ್ಕಟೆ ಅಂದರೆ ಬೆಲೆ ಸೊನ್ನೆ, ಅಷ್ಟೇ.

ಹಾಗಾದರೆ ಹುಡುಗ ಮಾಡಿದ್ದೆಲ್ಲ ತಪ್ಪಾ? ಅಲ್ಲ. ಅವನು ಮಾರಿದ್ದು ಒಂದೇ ಥರದ ಮಾಲಲ್ಲ, ಮೂರು ಥರದ್ದು. ಒಂದೊಂದಕ್ಕೂ ಉತ್ತರ ಬೇರೆ. ನೋಟಿಸ್ ಬಂದಿದ್ದು ಡಿಸ್ಕ್‌ಗಳ ಬಗ್ಗೆ, ಅದರಲ್ಲಿ ಅವನ ಪರವಾಗಿ ವಾದ ಮಾಡಲು ಸಾಕಷ್ಟು ಇತ್ತು. ಗ್ರಾಹಕರ ದೂರು ಬಂದಿದ್ದು ಲಿಬ್ರೆ ಆಫೀಸ್ ಬಗ್ಗೆ, ಅದನ್ನು ಮಾರುವುದಕ್ಕೆ ಕಾನೂನಿನ ಅಡ್ಡಿಯೇ ಇಲ್ಲ. ಯಾರೂ ಕೇಳದೆ ಹೋದ ಫೋಟೊ ಸಾಫ್ಟ್‌ವೇರ್ ಇತ್ತಲ್ಲ, ನಿಜವಾದ ತಪ್ಪು ಅಲ್ಲಿತ್ತು.

ಕೆಂಪು ಅಕ್ಷರದ ಡಿಸ್ಕ್‌ಗಳು

ಒಂದು ಡಿಸ್ಕ್ ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪ್ಲಾಸ್ಟಿಕ್ ಸುತ್ತಿದ ಹಾಗೇ ಇತ್ತು. ಹಿಂಭಾಗದಲ್ಲಿ ಬ್ಯಾಚ್ ನಂಬರ್. ಕಾಲ ಮುಗಿದರೆ ವಾಪಸ್ ಕೊಡಬೇಕು ಅಂತ ಎಲ್ಲೂ ಇಲ್ಲ. ಯಾರಿಗೆ ಕೊಟ್ಟದ್ದು ಅಂತ ಹೆಸರಿಲ್ಲ. ಈ ಸಣ್ಣ ವಿವರಗಳೇ ಮುಂದೆ ಕೆಲಸಕ್ಕೆ ಬಂದವು.

ನಮ್ಮ ಕಾಯ್ದೆಯ ಕಲಂ 14ರಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿನ ಯಾವುದೇ ಪ್ರತಿಯನ್ನು ಮಾರುವ, ಮಾರಾಟಕ್ಕಿಡುವ ಹಕ್ಕು ಅದರ ಒಡೆಯನದ್ದು ಅಂತ ಇದೆ. ಅಕ್ಷರಕ್ಕೆ ಅಕ್ಷರ ಓದಿದರೆ ಸೆಕೆಂಡ್ ಹ್ಯಾಂಡ್ ಮಾರಾಟವೂ ತಪ್ಪು ಅನ್ನಿಸುತ್ತದೆ. 1994ರ ತಿದ್ದುಪಡಿಯಲ್ಲಿ ಇನ್ನೂ ಗಟ್ಟಿಯಾಗಿ, ಆ ಪ್ರತಿ ಹಿಂದೆ ಒಮ್ಮೆ ಮಾರಾಟವಾಗಿರಲಿ ಬಿಡಲಿ ಹಕ್ಕು ಒಡೆಯನದ್ದೇ ಅನ್ನುವ ಅರ್ಥದ ಮಾತು ಸೇರಿತ್ತು. 1999ರ ತಿದ್ದುಪಡಿ ಆ ಮಾತನ್ನು ಕಿತ್ತುಹಾಕಿತು. ಸಂಸತ್ತು ಬೇಕೆಂದೇ ತೆಗೆದ ಮಾತನ್ನು ನಾವು ಮತ್ತೆ ಸೇರಿಸಿ ಓದುವ ಹಾಗಿಲ್ಲ.

2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಇದೇ ಕಲಮನ್ನು ಬಿಡಿಸಿ ಓದಿತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣ. ಅದು ಆದಾಯ ತೆರಿಗೆಯ ಕೇಸು. ಹೊರದೇಶದಿಂದ ಸಾಫ್ಟ್‌ವೇರ್ ಕೊಂಡವರು ಕೊಟ್ಟ ಹಣ ರಾಯಲ್ಟಿಯಾ, ಅಂದರೆ ಕಾಪಿರೈಟ್ ಬಳಸಲು ಕೊಡುವ ಹಣವಾ, ಅಲ್ಲವಾ ಅನ್ನುವುದು ಅಲ್ಲಿನ ಪ್ರಶ್ನೆ. ಉತ್ತರ ಹುಡುಕುತ್ತಾ ಕೋರ್ಟು ಹೇಳಿದ್ದು ನಮಗೆ ಬೇಕಾದದ್ದು: ಪ್ರತಿ ಬೇರೆ, ಕಾಪಿರೈಟ್ ಬೇರೆ. ಪ್ಯಾಕ್ ಮಾಡಿದ ಸಾಫ್ಟ್‌ವೇರನ್ನು ಕೊಂಡು ಹಾಗೇ ಮಾರುವ ವಿತರಕ ಈ ಕಲಮಿನ ಒಳಗೆ ಬರುವುದಿಲ್ಲ, ಕಲಂ ತಡೆಯುವುದು ನಕಲು ಮಾಡಿ ಆ ನಕಲನ್ನು ಮಾರುವುದನ್ನು. ಇದಕ್ಕೂ ಹಿಂದೆ, 2004ರ ಟಾಟಾ ಕನ್ಸಲ್ಟೆನ್ಸಿ ಪ್ರಕರಣದಲ್ಲಿ, ಡಿಸ್ಕಿನಲ್ಲಿ ಬರುವ ಸಾಫ್ಟ್‌ವೇರ್ ಕೂಡ ಸರಕೇ ಅಂತ ಅದೇ ಕೋರ್ಟು ಹೇಳಿತ್ತು. ಹುಡುಗ ಡಿಸ್ಕ್ ನಕಲು ಮಾಡಿಲ್ಲ, ಸೀಲ್ ಕೂಡ ಒಡೆದಿಲ್ಲ.

ಆದರೆ ಆ ತೀರ್ಪು ದುಡ್ಡು ಕೊಟ್ಟು ಕೊಂಡ ಪ್ರತಿಗಳ ಮೇಲೆ ಬಂದದ್ದು. ಇವು ಪ್ರಚಾರಕ್ಕೆ ಹಂಚಿದವು. ಕಂಪನಿಯವರು ನೋಟಿಸಿನಲ್ಲಿ ಇದನ್ನೇ ಹಿಡಿದಿದ್ದರು: ನಾವು ಮಾರಿಯೇ ಇಲ್ಲ, ಬಳಸಲು ಅನುಮತಿ ಕೊಟ್ಟಿದ್ದೇವೆ ಅಷ್ಟೇ.

ಈ ವಾದಕ್ಕೆ ಅಮೆರಿಕದ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಎರಡೂ ಒಂಬತ್ತನೇ ಸರ್ಕ್ಯೂಟಿನ, ಅಂದರೆ ಅಲ್ಲಿನ ಪಶ್ಚಿಮ ರಾಜ್ಯಗಳ, ಮೇಲ್ಮನವಿ ಕೋರ್ಟಿನವು, ನಾಲ್ಕು ತಿಂಗಳ ಅಂತರದಲ್ಲಿ ಬಂದವು. ಮೊದಲನೆಯದು 2010ರ ಸೆಪ್ಟೆಂಬರಿನ ವರ್ನರ್ ಪ್ರಕರಣ. ಒಂದು ವಾಸ್ತುಶಿಲ್ಪ ಸಂಸ್ಥೆ ಬಳಸಿಬಿಟ್ಟ, ನಕ್ಷೆ ಬರೆಯುವ ಆಟೊಕ್ಯಾಡ್ ಸಾಫ್ಟ್‌ವೇರಿನ ಡಿಸ್ಕ್‌ಗಳನ್ನು ಒಬ್ಬರು ಕೊಂಡು ಈಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಿದರು. ನಮ್ಮ ಹುಡುಗನ ಹಾಗೇ ಬೇರೆಯವರು ಬಿಟ್ಟ ಸಾಮಾನು ಕೊಂಡವರು. ಆಟೊಕ್ಯಾಡ್ ಮಾಡಿದ ಆಟೊಡೆಸ್ಕ್ ಕಂಪನಿ ಗೆದ್ದಿತು. ಇದು ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳಿದ್ದಾರಾ, ಬೇರೆಯವರಿಗೆ ದಾಟಿಸಬಾರದು ಅಂತ ಬಿಗಿ ಮಾಡಿದ್ದಾರಾ, ಬಳಕೆಗೂ ಗಟ್ಟಿ ಕಟ್ಟುಪಾಡು ಇದೆಯಾ, ಈ ಮೂರನ್ನು ಕೋರ್ಟು ನೋಡಿತು. ಮೂರೂ ಇದ್ದವು. ಎರಡನೆಯದು 2011ರ ಜನವರಿಯ ಅಗಸ್ಟೊ ಪ್ರಕರಣ. ಸಂಗೀತ ಕಂಪನಿ ರೇಡಿಯೊದವರಿಗೆ, ವಿಮರ್ಶಕರಿಗೆ ಪ್ರಚಾರದ ಸಿಡಿಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಮೇಲೆ ಮಾರಾಟಕ್ಕಲ್ಲ ಅಂತ ಅಚ್ಚು. ಅವನ್ನು ಹಳೇ ಸಿಡಿ ಅಂಗಡಿಗಳಲ್ಲಿ ಕೊಂಡು ಈಬೇಯಲ್ಲಿ ಮಾರಿದವರು ಅಲ್ಲಿ ಗೆದ್ದರು. ಕಾರಣ ನೋಡಿ: ಕೇಳದೆಯೇ ಕಳಿಸಿದ್ದು, ಯಾರ ಹತ್ತಿರ ಎಷ್ಟಿದೆ ಅಂತ ಲೆಕ್ಕ ಇಟ್ಟಿಲ್ಲ, ವಾಪಸ್ ಕೇಳಿಲ್ಲ. ಕೈಬಿಟ್ಟ ವಸ್ತುವಿನ ಮೇಲೆ ಒಂದು ಸಾಲು ಅಚ್ಚು ಹಾಕಿದ ಮಾತ್ರಕ್ಕೆ ಒಡೆತನ ತನ್ನ ಹತ್ತಿರ ಉಳಿಯುವುದಿಲ್ಲ ಅಂದಿತು ಕೋರ್ಟು.

ಅಮೆರಿಕದ ತೀರ್ಪು ಹಾಸನದ ಕೋರ್ಟಿಗೆ ಕಟ್ಟಪ್ಪಣೆ ಅಲ್ಲ. ಆದರೂ ವಾದಕ್ಕೆ ದಾರಿ ತೋರಿಸುತ್ತವೆ. ನಮ್ಮ ಡಿಸ್ಕ್‌ಗಳು ಬಹಳ ಮಟ್ಟಿಗೆ ಅಗಸ್ಟೊ ಕಡೆ ವಾಲುತ್ತವೆ. ಹಳೇ ಡೀಲರ್‌ಗೆ ಫೋನ್ ಮಾಡಿ ಕೇಳಿದೆ. "ಒಂದು ಕಾಗದಕ್ಕೆ ಸೈನ್ ಹಾಕಿದ್ದೆ ಕಣಪ್ಪ, ಆದ್ರೆ ಡಿಸ್ಕ್ ವಾಪಸ್ ಕೊಡಿ ಅಂತ ಒಂದು ದಿನಾನೂ ಕೇಳ್ಲಿಲ್ಲ" ಅಂದರು. ಆ ಕಾಗದ ಕಂಪನಿಗೂ ಡೀಲರ್‌ಗೂ ನಡುವಿನ ಒಪ್ಪಂದ. ಹುಡುಗ ಅದನ್ನು ಕಣ್ಣಿಂದಲೂ ನೋಡಿಲ್ಲ.

ಇದೇ ಜಾಗದಲ್ಲಿ ಬಹಳ ಜನ ನಿಂತುಬಿಡುತ್ತಾರೆ. "ಡಿಸ್ಕ್ ನಂದು, ಮಾರ್ತೀನಿ" ಅಂತ. ಆದರೆ ಕೊಂಡವನು ಡಿಸ್ಕ್ ನೋಡಿ 249 ಕೊಟ್ಟನಾ? ಡಿಸ್ಕ್ ಬರೀ ಒಂದು ತಟ್ಟೆ. ಅವನು ದುಡ್ಡು ಕೊಟ್ಟಿದ್ದು ಗೀರುವ ಕಾರ್ಡಿನ ಕೀಗೆ. ಆ ಕೀ ಒಂದು ವಸ್ತು ಅಲ್ಲ, ಒಂದು ವರ್ಷ ದಿನಾ ಅಪ್‌ಡೇಟ್ ಕೊಡುತ್ತೇವೆ ಅನ್ನುವ ಮಾತು. ಮಾತು ಕೊಟ್ಟವರು ಕಂಪನಿಯವರು. ಪ್ರಚಾರದ ಕೀ ಮಾರಾಟವಾಗಿದ್ದು ಕಂಡರೆ ಅವರು ಅದನ್ನು ನಿಲ್ಲಿಸಬಹುದು, ನಿಲ್ಲಿಸಿದರು. ಹುಡುಗ ತನ್ನ ಕೈಯಲ್ಲಿ ಇಲ್ಲದ್ದನ್ನು ಮಾರಿದ ಹಾಗಾಯಿತು. 1930ರ ಸರಕು ಮಾರಾಟ ಕಾಯ್ದೆಯ ಕಲಂ 14 ಪ್ರಕಾರ, ಮಾರುವವನಿಗೆ ಮಾರುವ ಹಕ್ಕಿದೆ, ಕೊಂಡವನು ನೆಮ್ಮದಿಯಾಗಿ ಅನುಭವಿಸಬಹುದು ಅನ್ನುವುದು ಬಾಯಿಬಿಟ್ಟು ಹೇಳದಿದ್ದರೂ ಪ್ರತಿ ಮಾರಾಟದಲ್ಲೂ ಸೇರಿರುತ್ತದೆ. ಕೀ ಬಂದ್ ಆದ ನಾಲ್ವರಿಗೆ ದುಡ್ಡು ವಾಪಸ್ ಕೊಡಲೇಬೇಕು. ಕಂಪನಿಯ ಜೊತೆ ವಾದ ಗೆದ್ದರೂ ಸರಿ, ಸೋತರೂ ಸರಿ.

ಹಳ್ಳಿ ಅಂಗಡಿಗಳಲ್ಲಿ ಪೇಸ್ಟ್ ಜೊತೆ ಉಚಿತ ಬಂದ ಬ್ರಷ್ ಬಿಚ್ಚಿಟ್ಟು ಬೇರೆಯಾಗಿ ಮಾರುತ್ತಾರಲ್ಲ, ಹುಡುಗ ಅದನ್ನು ಉದಾಹರಣೆ ಕೊಟ್ಟ. "ಅವರಿಗೆ ಯಾರೂ ನೋಟಿಸ್ ಕೊಡಲ್ಲ ಸರ್." ಬ್ರಷ್ಷನ್ನು ಯಾರೂ ದೂರದಿಂದ ಬಂದ್ ಮಾಡಲು ಆಗುವುದಿಲ್ಲ, ಅದಕ್ಕೇ ಅಲ್ಲಿ ಗಲಾಟೆ ಕಾಣುವುದಿಲ್ಲ. ಪೇಸ್ಟ್ ಕೊಂಡ ಗಿರಾಕಿಗೆ ಸಿಗಬೇಕಾದ್ದು ಸಿಗಲಿಲ್ಲ ಅನ್ನುವ ಅನ್ಯಾಯ ಮಾತ್ರ ಅಲ್ಲಿಯೂ ಇದೆ.

ಯಾರೂ ಕೇಳದ ಆರು ಪೆನ್‌ಡ್ರೈವ್

ಫೋಟೊ ಸಾಫ್ಟ್‌ವೇರಿನ ವಿಷಯ ಹುಡುಗ ತಾನಾಗಿ ಹೇಳಲಿಲ್ಲ. ಮಾರಾಟದ ಪಟ್ಟಿ ತೆಗೆಸಿದಾಗ ಗೊತ್ತಾಯಿತು. "ಎಲ್ಲರಿಗೂ ಫ್ರೀ ಕೊಡ್ತಾ ಇದ್ರು ಸರ್. ನಾನು ತಗೊಂಡಿದ್ದು ಪೆನ್‌ಡ್ರೈವಿನ ದುಡ್ಡು" ಅಂದ.

ಲ್ಯಾಪ್‌ಟಾಪ್ ತೆರೆಸಿ ಲೈಸೆನ್ಸ್ ಓದಿಸಿದೆ. ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ, ಹಂಚುವಂತಿಲ್ಲ ಅಂತ ಮೂರನೇ ಪ್ಯಾರಾದಲ್ಲೇ ಇತ್ತು. ಆರು ಪೆನ್‌ಡ್ರೈವಿಗೂ ಒಂದೇ ಸೀರಿಯಲ್ ನಂಬರನ್ನು ನೋಟ್‌ಪ್ಯಾಡಿನಲ್ಲಿ ಬರೆದು ಹಾಕಿದ್ದ.

ಇಲ್ಲಿ ಸೀಲ್ ಒಡೆಯದ ಡಿಸ್ಕ್ ಇಲ್ಲ, ಮೊದಲ ಮಾರಾಟ ಎರಡನೇ ಮಾರಾಟ ಅನ್ನುವ ಮಾತೂ ಇಲ್ಲ. ಆರು ಹೊಸ ನಕಲು ಹುಟ್ಟಿದವು, ಆರೂ ಮಾರಾಟವಾದವು, ಮೂಲ ಪ್ರತಿ ಇವನ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಅಪ್ಪನ ತೆಂಗಿನಕಾಯಿ ಇದೇ. ನಮ್ಮ ಕಾಯ್ದೆಯ ಕಲಂ 52, ಸರಿಯಾದ ದಾರಿಯಲ್ಲಿ ಪ್ರತಿ ಪಡೆದವನು ಕಳೆದುಹೋದರೆ ಇರಲಿ ಅಂತ ಒಂದು ಬ್ಯಾಕಪ್ ಇಟ್ಟುಕೊಳ್ಳಲು ಬಿಡುತ್ತದೆ. ಆ ಬ್ಯಾಕಪ್ಪನ್ನು ಮಾರಲು ಬಿಡುವುದಿಲ್ಲ. ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರಿನ ಮರುಮಾರಾಟಕ್ಕೆ ಬಾಗಿಲು ತೆರೆದದ್ದು ಯುರೋಪಿನ ನ್ಯಾಯಾಲಯ, 2012ರ ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ. ಅಲ್ಲೂ ಷರತ್ತು ಇತ್ತು: ದುಡ್ಡು ಕೊಟ್ಟು ಕಾಲಮಿತಿ ಇಲ್ಲದ ಲೈಸೆನ್ಸ್ ಪಡೆದಿರಬೇಕು, ಮಾರಿದ ಮೇಲೆ ತನ್ನ ಪ್ರತಿಯನ್ನು ಬಳಸಲಾಗದಂತೆ ಮಾಡಬೇಕು. ನಮ್ಮ ಹುಡುಗನಿಗೆ ಒಂದೂ ಹೊಂದುವುದಿಲ್ಲ.

ಕಲಂ 63ರ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ ಎರಡು ಲಕ್ಷ ದಂಡ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಿಟ್ ಪ್ರೊ ಪ್ರಕರಣದಲ್ಲಿ, ಇದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಅಂತ ಹೇಳಿತು. 1,194 ರೂಪಾಯಿಗೆ ಇಷ್ಟು ದೊಡ್ಡ ಕತ್ತಿ ತಲೆಯ ಮೇಲೆ. ಈ ಮಾತು ಹೇಳುವಾಗ ಅಪ್ಪನ ಮುಖ ನೋಡಲು ನನಗೆ ಕಷ್ಟವಾಯಿತು.

ಇನ್ನೊಂದು ಕಾರಣಕ್ಕೂ ಈ ಆರು ಪೆನ್‌ಡ್ರೈವ್ ಮುಖ್ಯವಾದವು. ಹುರುಳಿಲ್ಲದ ಬೆದರಿಕೆ ಹಾಕಿದವರ ವಿರುದ್ಧ, ನಾನು ಉಲ್ಲಂಘನೆ ಮಾಡಿಲ್ಲ ಅಂತ ಘೋಷಿಸಿ ಎಂದು ಕೋರ್ಟಿಗೆ ಹೋಗಲು ಕಾಯ್ದೆಯ ಕಲಂ 60 ಅವಕಾಶ ಕೊಡುತ್ತದೆ. ಡಿಸ್ಕ್‌ಗಳ ಮಟ್ಟಿಗೆ ಅದನ್ನು ಯೋಚಿಸಬಹುದಿತ್ತು. ಆದರೆ ಕೋರ್ಟಿಗೆ ಹೋಗುವವನ ಕೈ ಶುದ್ಧ ಇರಬೇಕು. ಅದೇ ಅಂಗಡಿಯ ಅದೇ ಖಾತೆಯಲ್ಲಿ ನಕಲು ಮಾಡಿ ಮಾರಿದ್ದು ಎದ್ದು ಕಾಣುವಾಗ ಕಂಪನಿಯ ಮೇಲೆ ಹೋಗುವುದು ಬೇಡ ಅಂದೆ. ಹುಡುಗ ಒಪ್ಪಿದ. ಅವತ್ತೇ ನನ್ನ ಮುಂದೆ ಕುಳಿತು ಆ ಫೈಲುಗಳನ್ನೆಲ್ಲ ಅಳಿಸಿದ.

ಮೂಡಿಗೆರೆಯ ದೂರು

ಲಿಬ್ರೆ ಆಫೀಸಿನ ವಿಷಯದಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಇಂಗ್ಲಿಷಿನಲ್ಲಿ ಫ್ರೀ ಅನ್ನುವ ಒಂದೇ ಪದ ಪುಕ್ಕಟೆಗೂ ಬರುತ್ತದೆ, ಸ್ವತಂತ್ರಕ್ಕೂ ಬರುತ್ತದೆ. ನಮ್ಮಲ್ಲಿ ಎರಡೂ ಬೇರೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದಾಗ ಹೇಳಿದ್ದು ಎರಡನೇ ಅರ್ಥ. ನೋಡು, ಬದಲಾಯಿಸು, ನಕಲು ಮಾಡು, ಹಂಚು, ಬೇಕಾದರೆ ಮಾರು. ಹಾಸನದಲ್ಲಿ ಒಂದು ಕಾಲಕ್ಕೆ ಉಬುಂಟು ಸಿಡಿ, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಸ್ವತಂತ್ರ ಸಾಫ್ಟ್‌ವೇರ್, ಅಂಚೆಯಲ್ಲಿ ಪುಕ್ಕಟೆ ಬರುತ್ತಿತ್ತು. ಆ ಯೋಜನೆ 2011ರಲ್ಲಿ ನಿಂತಿತು. ನನಗೂ ಒಂದು ಬಂದಿತ್ತು. ಅದನ್ನು ನಕಲು ಮಾಡಿ ಸ್ನೇಹಿತರಿಗೆ ಕೊಡಲು ಯಾರ ಅಡ್ಡಿಯೂ ಇರಲಿಲ್ಲ. 2010ರಲ್ಲಿ ಹುಟ್ಟಿದ ಲಿಬ್ರೆ ಆಫೀಸ್, ಅದರ ಜೊತೆಗಿದ್ದ ವಿಎಲ್‌ಸಿ, ಎರಡೂ ಇಂಥವೇ. ಪೆನ್‌ಡ್ರೈವಿಗೆ ಹಾಕಿ 299ಕ್ಕೆ ಮಾರಿದರೆ ತಪ್ಪಿಲ್ಲ. ಮೂಲ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ, ಎಲ್ಲಿ ಸಿಗುತ್ತದೆ ಅಂತ ತಿಳಿಸಬೇಕು, ಲೈಸೆನ್ಸಿನ ಪ್ರತಿ ಜೊತೆಗಿರಬೇಕು, ಕೊಂಡವನು ಮತ್ತೆ ಹಂಚುವುದನ್ನು ತಡೆಯಬಾರದು.

ಹಾಗಿದ್ದರೆ ರೈಟರ್‌ಗೆ ಯಾಕೆ ಸಿಟ್ಟು? ಅವರಿಗೇ ಫೋನ್ ಮಾಡಿದೆ. ಕೂಲಿಯವರ ವಾರದ ಬಟವಾಡೆ ಪಟ್ಟಿ ಮಾಡಲು ಕೊಂಡಿದ್ದರು. ಕೆಲಸ ಚೆನ್ನಾಗೇ ಮಾಡುತ್ತಿತ್ತು. "ಇನ್ನೂರ ತೊಂಬತ್ತೊಂಬತ್ತು ದೊಡ್ಡದಲ್ಲ ಸಾರ್. ಒರಿಜಿನಲ್ ಆಫೀಸ್ ಅಂತ ಬರ್ದಿದ್ರು. ಲೈಸೆನ್ಸ್ ಇದೆ ಅಂತ ಯಜಮಾನ್ರಿಗೂ ಹೇಳಿದ್ದೆ. ಅಕ್ಕನ ಮಗ ಬಂದು, ಮಾವ ಇದು ಸುಮ್ನೆ ಸಿಗುತ್ತೆ ಅಂದ. ನಂಗೆ ಹೇಗಾಗ್ಬೇಡ?" ಜಾಹೀರಾತಿನ ಚಿತ್ರ ನೋಡಿದೆ. ದೊಡ್ಡ ಕಂಪನಿಯ ಆಫೀಸ್ ಪ್ಯಾಕನ್ನೇ ಹೋಲುವ ನೀಲಿ ಬಣ್ಣದ ಚಿಹ್ನೆ. ಮಾರಿದ ಸಾಫ್ಟ್‌ವೇರಿನ ನಿಜವಾದ ಹೆಸರು ಎಲ್ಲೂ ಇಲ್ಲ.

ತಪ್ಪು ಮಾಲಿನಲ್ಲಿ ಇರಲಿಲ್ಲ, ಮಾತಿನಲ್ಲಿತ್ತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಬಿಡಿಸಿ ಅರ್ಥ ಕೊಟ್ಟಿದ್ದಾರೆ. ಅವರು ನಿಜವಾಗಿ ದೂರು ಹಾಕಿದ್ದರೆ ಹಾಸನಕ್ಕೆ ಬರಬೇಕಾಗಿಯೂ ಇರಲಿಲ್ಲ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು, ಐದು ಲಕ್ಷದವರೆಗೆ ಶುಲ್ಕ ಕೂಡ ಇಲ್ಲ. ಅವರ ಜಿಲ್ಲೆಯಾದ ಚಿಕ್ಕಮಗಳೂರಿನ ಗ್ರಾಹಕರ ಆಯೋಗಕ್ಕೆ ವಾಯಿದೆ ವಾಯಿದೆಗೂ ಓಡಾಡಬೇಕಾಗುತ್ತಿದ್ದದ್ದು ಹುಡುಗ. 2020ರ ಇ-ಕಾಮರ್ಸ್ ನಿಯಮಗಳು ಮಾರಾಟಗಾರನ ಮೇಲೂ ಹೊಣೆ ಹಾಕಿವೆ: ಮಾಲು ಜಾಹೀರಾತಿನಂತೆ ಇಲ್ಲದಿದ್ದರೆ ದುಡ್ಡು ವಾಪಸ್ ಕೊಡಲು ಒಲ್ಲೆ ಅನ್ನುವಂತಿಲ್ಲ.

ನಮ್ಮ ಡಿಟಿಪಿ ಸೆಂಟರ್‌ಗಳಲ್ಲಿ ನುಡಿ ತಂತ್ರಾಂಶ ಹಾಕಿಕೊಡಲು ನೂರೋ ಇನ್ನೂರೋ ತೆಗೆದುಕೊಳ್ಳುತ್ತಾರೆ. ಅದು ಹಾಕಿಕೊಟ್ಟ ಕೂಲಿ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಹುಡುಗನೂ ಅಷ್ಟೇ ಹೇಳಿದ್ದರೆ ಸಾಕಿತ್ತು. ಪೆನ್‌ಡ್ರೈವ್ ಇಷ್ಟು, ತುಂಬಿ ಕಳಿಸುವ ಕೂಲಿ ಇಷ್ಟು, ಸಾಫ್ಟ್‌ವೇರ್ ಉಚಿತ. ಕೊಳ್ಳುವವರು ಆಗಲೂ ಕೊಳ್ಳುತ್ತಿದ್ದರು. ಹಳ್ಳಿ ಕಡೆ ನೆಟ್ ನಿಂತು ನಿಂತು ಬರುವ ಜಾಗದಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ.

ಹೇಗೆ ಮುಗಿಸಿದೆವು

ನೋಟಿಸಿಗೆ ಹದಿನೈದು ದಿನದ ಗಡುವಿತ್ತು. ಹನ್ನೊಂದನೇ ದಿನ ಉತ್ತರ ಕಳಿಸಿದೆವು. ಡಿಸ್ಕ್‌ಗಳನ್ನು ನಕಲು ಮಾಡಿಲ್ಲ, ಆದ್ದರಿಂದ ಕಲಂ 63ರ ಮಾತು ಒಪ್ಪುವುದಿಲ್ಲ ಅಂತ ಕಾರಣ ಸಮೇತ ಬರೆದೆವು. ಒಂದು ಲಕ್ಷ ಕೊಡುವುದಿಲ್ಲ, ಕೊಂಡವರ ವಿಳಾಸವನ್ನೂ ಕೊಡುವುದಿಲ್ಲ. ಆದರೆ ಈ ಕಂಪನಿಯ ಪ್ರಚಾರದ ಪ್ರತಿಗಳನ್ನು ಇನ್ನು ಮುಂದೆ ಮಾರುವುದಿಲ್ಲ ಅಂತ ಮುಚ್ಚಳಿಕೆ ಕೊಡುತ್ತೇವೆ, ಉಳಿದ ಹದಿಮೂರನ್ನು ಎಲ್ಲಿಗೆ ಕಳಿಸಬೇಕು ಹೇಳಿ ಅಂತ ಕೇಳಿದೆವು.

ಆ ಹನ್ನೊಂದು ದಿನದಲ್ಲಿ ಹುಡುಗ ತಾನೇ ಒಬ್ಬೊಬ್ಬರಿಗೂ ಬರೆದ. ಡಿಸ್ಕ್ ಕೊಂಡ ಒಂಬತ್ತು ಜನಕ್ಕೂ ದುಡ್ಡು ವಾಪಸ್ ಕೊಡುತ್ತೇನೆ ಅಂದ. ಕೀ ಬಂದ್ ಆದ ನಾಲ್ವರ ಜೊತೆ ಇನ್ನಿಬ್ಬರು ತೆಗೆದುಕೊಂಡರು. ಫೋಟೊ ಸಾಫ್ಟ್‌ವೇರಿನ ಆರೂ ಜನಕ್ಕೆ ಪೂರ್ತಿ ದುಡ್ಡು ಹೋಯಿತು, ಇದನ್ನು ನಾನು ಮಾರಬಾರದಿತ್ತು, ದಯವಿಟ್ಟು ತೆಗೆದುಹಾಕಿ ಅನ್ನುವ ಸಂದೇಶದ ಜೊತೆಗೆ. ಲಿಬ್ರೆ ಆಫೀಸ್ ಕೊಂಡ ಹನ್ನೊಂದು ಜನಕ್ಕೂ ಇದ್ದ ವಿಷಯ ಬರೆದ, ಮೂವರು ವಾಪಸ್ ಕೇಳಿದರು. ಒಟ್ಟು 3,585 ರೂಪಾಯಿ. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಡುತ್ತೇನೆ ಅಂದರು. ಮಗ ಬೇಡ ಅಂದು ಅಂಗಡಿಯ ಎರಡು ಮಾನಿಟರ್ ಮಾರಿ ಕೊಟ್ಟ.

ರೈಟರ್ ವಾಪಸ್ ಕೇಳಲಿಲ್ಲ. ದೂರಿನ ಮಾತೂ ಬಿಟ್ಟರು. ಪಕ್ಕದ ತೋಟದವರಿಗೆ ಎರಡು ಬೇಕು, ಈ ಸಲ ಸರಿಯಾಗಿ ಬರೆದು ಕಳಿಸು ಅಂದರಂತೆ. ಹುಡುಗ ಈಗ ಪ್ರತಿ ಪೆನ್‌ಡ್ರೈವಿನ ಜೊತೆ ಕನ್ನಡದಲ್ಲಿ ಅಚ್ಚು ಮಾಡಿದ ಒಂದು ಚೀಟಿ ಇಡುತ್ತಾನೆ. ಮೊದಲ ಸಾಲು: "ಈ ಸಾಫ್ಟ್‌ವೇರ್ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ನೀವು ಕೊಟ್ಟಿರುವುದು ಪೆನ್‌ಡ್ರೈವ್ ಮತ್ತು ತುಂಬಿದ ಕೂಲಿ." ಕೆಳಗೆ ಲೈಸೆನ್ಸಿನ ಹೆಸರು, ಮೂಲ ಕೋಡ್ ಸಿಗುವ ವಿಳಾಸ.

ಆರು ವಾರದ ಮೇಲೆ ಕಂಪನಿಯ ವಕೀಲರಿಂದ ಎರಡು ಸಾಲಿನ ಉತ್ತರ ಬಂತು. ಮುಚ್ಚಳಿಕೆ ಸಿಕ್ಕಿದೆ, ವಿಷಯ ಮುಗಿಸಿದ್ದೇವೆ. ಡಿಸ್ಕ್‌ಗಳ ಬಗ್ಗೆ ಒಂದು ಮಾತೂ ಇಲ್ಲ. ಇನ್ನೊಮ್ಮೆ ಬರೆದು ಕೇಳಿದೆವು, ಅದಕ್ಕೂ ಉತ್ತರವಿಲ್ಲ. ಹದಿಮೂರು ಡಿಸ್ಕ್ ಇರುವ ಆ ಡಬ್ಬಿ ಈಗಲೂ ನನ್ನ ಆಫೀಸಿನ ಬೀರುವಿನ ಮೇಲಿದೆ.